‘ಇಲ್ಲ’ ಎಂದು ಬರೆಯುವ ಮೊದಲು

ಚಿರಂಜೀವಿ ಅಳಿಯನಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ಅತ್ತಲಿನ ಸುದ್ದಿ ನಿಮ್ಮವ್ವನಿಂದ ತಿಳಿಯಿತು. ಗಣಪತಿ ಕಳಿಸುವ ರಾತ್ರಿ ಯಾವ ಓಣಿಯ ಟ್ರ್ಯಾಕ್ಟರ್ ಮುಂದೆ ಹೋಗಬೇಕೆಂದು ಜಗಳ, ನೂಕಾಟ, ಒಬ್ಬ ಹುಡುಗನ ಹುಬ್ಬಿನ ಮೇಲೆ ಗಾಯ, ಠಾಣೆ, ಎಫ್‌ಐಆರ್. ಅದರಲ್ಲಿ ನೀನು ಆರನೇ ಆರೋಪಿ. ‘ನನ್ನ ಮಗನ ಬಾಳು ಮುಗೀತಣ್ಣಾ’ ಎಂದು ಅವಳು ಅತ್ತಳು. ನೀನು ಅವಳ ಕೈಯಿಂದ ಫೋನ್ ಇಸಿದುಕೊಂಡು, ‘ಏನೂ ಆಗೂದಿಲ್ಲ ಮಾಮಾ, ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರ ಒಂದ ದಿನದಾಗ ಮುಗೀತದಂತ’ ಅಂದಿ. ಇಬ್ಬರ ಮಾತೂ ಸರಿಯಲ್ಲ. ನಿಮ್ಮವ್ವನ ಹೆದರಿಕೆ ನಾಲ್ಕು ದಿನದಲ್ಲಿ ಇಳಿಯುತ್ತದೆ, ನಾನೇ ಬಂದು ಇಳಿಸುತ್ತೇನೆ. ನನಗೆ ಚಿಂತೆ ಹಚ್ಚಿದ್ದು ನಿನ್ನ ಧೈರ್ಯ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಉದ್ದವಾದೀತು, ಪೂರಾ ಓದು.

ನಾನು ವಕೀಲನಲ್ಲ, ನ್ಯಾಯಾಧೀಶನೂ ಅಲ್ಲ. ಕೋರ್ಟಿನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ನ್ಯಾಯಾಧೀಶರು ತೀರ್ಪು ಬರೆದು ವರ್ಗವಾಗಿ ಹೋಗುತ್ತಾರೆ, ವಕೀಲರು ಮುಂದಿನ ಕೇಸು ಹಿಡಿಯುತ್ತಾರೆ. ತೀರ್ಪು ಬಂದ ಎಷ್ಟೋ ವರ್ಷದ ಮೇಲೆ ಆ ಮನುಷ್ಯನ ಗತಿ ಏನಾಯಿತು ಎಂಬುದು ಗೊತ್ತಾಗುವುದು ನಕಲು ವಿಭಾಗದ ಕಿಟಕಿಯಲ್ಲಿ. ಪ್ರಮಾಣಿತ ನಕಲಿಗೆ ಅರ್ಜಿ ಹಿಡಿದು ಬರುವವರು ತಾವಾಗಿ ಎಲ್ಲ ಹೇಳಿಕೊಳ್ಳುತ್ತಾರೆ. ನೌಕರಿ ಬಂದಿದೆ ಸರ್, ಪಾಸ್‌ಪೋರ್ಟ್ ನಿಂತಿದೆ ಸರ್, ನಾಳೆಯೊಳಗೆ ಬೇಕು ಸರ್. ನನಗೆ ಗೊತ್ತಿರುವುದೆಲ್ಲ ಆ ಕಿಟಕಿಯಿಂದ ಕಲಿತದ್ದು.

ನಿನ್ನ ಎಫ್‌ಐಆರಿನ ಫೋಟೊ ನೋಡಿದೆ. ಹಳೆಯ ಗೆಳೆಯರನ್ನು ಹೊಸ ಅಂಗಿಯಲ್ಲಿ ಕಂಡಂತಾಯಿತು. ನಮ್ಮ ಕಾಲದಲ್ಲಿ ಊರ ಜಗಳವೆಂದರೆ 143, 147, 323, 504, 506, ಸಹವಾಚಕ 149. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅವೇ 189(2), 191(2), 115(2), 352, 351(2), 190 ಆಗಿವೆ. ಅಕ್ರಮ ಕೂಟ, ದೊಂಬಿ, ಹೊಡೆದದ್ದು, ಬೈದದ್ದು, ಬೆದರಿಸಿದ್ದು, ಮತ್ತು ಇದೆಲ್ಲವನ್ನೂ ಗುಂಪಾಗಿ ಮಾಡಿದ್ದು. ಎಲ್ಲವೂ ಜಾಮೀನು ಸಿಗುವ ಕಲಮುಗಳೇ. ಅದಕ್ಕೇ ಠಾಣೆಯಿಂದಲೇ ಮನೆಗೆ ಬಂದೆ. ಕೊನೆಯ ಆ 190ರ ಮಹಿಮೆ ತಿಳಿದಿರಲಿ. ಗುಂಪಿನಲ್ಲಿ ಒಬ್ಬ ಹೊಡೆದರೂ, ಅದು ಇಡೀ ಗುಂಪಿನ ಉದ್ದೇಶವಾಗಿತ್ತೆಂದು ಸಾಬೀತಾದರೆ ಎಲ್ಲರೂ ಹೊಡೆದಂತೆ. ‘ನಾ ಬರೇ ನಿಂತಿದ್ದೆ ಮಾಮಾ’ ಎಂಬ ನಿನ್ನ ಮಾತನ್ನು ನಾನು ನಂಬುತ್ತೇನೆ. ಕಾಗದ ನಂಬಬೇಕಾದರೆ ಸಾಕ್ಷಿ ಬೇಕು.

ಈಗ ನಿಮ್ಮವ್ವನಿಗೆ ಸಮಾಧಾನದ ಮಾತು. ಎಫ್‌ಐಆರ್ ಎಂದರೆ ಒಬ್ಬರು ಹೇಳಿದ್ದನ್ನು ಪೊಲೀಸರು ಬರೆದುಕೊಂಡದ್ದು, ಅಷ್ಟೇ. ತನಿಖೆಯಲ್ಲಿ ಹುರುಳಿಲ್ಲವೆಂದು ಕಂಡರೆ ‘ಬಿ’ ರಿಪೋರ್ಟ್ ಹಾಕುತ್ತಾರೆ. ಹುರುಳಿದೆ ಎಂದು ಕಂಡರೆ ದೋಷಾರೋಪ ಪಟ್ಟಿ ಕೋರ್ಟಿಗೆ ಬರುತ್ತದೆ. ಕೋರ್ಟು ಅದನ್ನು ಪರಿಗಣನೆಗೆ ತೆಗೆದುಕೊಂಡು ಸಿಸಿ ನಂಬರ್ ಕೊಟ್ಟು ಸಮನ್ಸ್ ಕಳಿಸುತ್ತದೆ. ಆಮೇಲೆ ವಿಚಾರಣೆ, ಆಮೇಲೆ ತೀರ್ಪು. ಅಪರಾಧಿ ಎಂಬ ಹೆಸರು ಬರುವುದು ಆ ಕೊನೆಯ ಮೆಟ್ಟಿಲಲ್ಲಿ. ನೀನು ಇರುವುದು ಮೊದಲ ಮೆಟ್ಟಿಲಲ್ಲಿ. ಓಣಿಯ ಜನಕ್ಕೆ ಈ ಅಂತರ ತಿಳಿಯುವುದಿಲ್ಲ, ಅವರಿಗೆ ಠಾಣೆ ಮೆಟ್ಟಿಲು ಹತ್ತಿದವನೆಲ್ಲ ಕಳ್ಳ. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ವಿಚಾರಣೆ ಮುಗಿಯದವರು ಎಂದು ಯಾರಿಗೆ ಹೇಳುವುದು?

ನಿನಗೆ ಹೇಳಬೇಕಾದ್ದು ಬೇರೆ. ಶಿಕ್ಷೆ ಆಗುವುದು ಕೊನೆಯ ಮೆಟ್ಟಿಲಲ್ಲೇ ಆದರೂ ದಾಖಲೆ ಶುರುವಾಗುವುದು ಮೊದಲ ಮೆಟ್ಟಿಲಲ್ಲಿ. ಬೆರಳಚ್ಚು, ಫೋಟೊ ತೆಗೆದುಕೊಂಡರು ಎಂದೆಯಲ್ಲ, 2022ರಲ್ಲಿ ಬಂದ ಕಾಯ್ದೆಯ ಪ್ರಕಾರ ಅಂಥ ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಅಂದರೆ ನಿನಗೆ 95 ಆಗುವವರೆಗೆ. ಹಿಂದೆ ಶಿಕ್ಷೆಯಾಗದವನು ಈ ಕೇಸಿನಲ್ಲೂ ಖುಲಾಸೆಯಾಗಿ, ಮೇಲ್ಮನವಿಗಳೂ ಮುಗಿದರೆ, ಮ್ಯಾಜಿಸ್ಟ್ರೇಟರು ಬೇರೆ ಹೇಳದ ಹೊರತು ಅವನ್ನು ನಾಶ ಮಾಡಬೇಕು. ಒಂದು ದಿನದಲ್ಲಿ ಮುಗಿಸುವ ನಿನ್ನ ಉಪಾಯ ಹಿಡಿದರೆ ಈ ಬಾಗಿಲೂ ಮುಚ್ಚುತ್ತದೆ.

ಆ ಉಪಾಯದ ಬಗ್ಗೆಯೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಪ್ಪೊಪ್ಪಿಗೆ ಎಂದರೆ ರಾಜಿ ಅಲ್ಲ, ಮಾಫಿ ಅಲ್ಲ. ಕಟಕಟೆಯಲ್ಲಿ ನಿಂತು ‘ಹೌದು ಸ್ವಾಮಿ’ ಅಂದ ಕ್ಷಣ ನೀನು ಅಪರಾಧಿ. ದಂಡ ಐನೂರು ರೂಪಾಯಿ ಇರಲಿ, ಐವತ್ತೇ ಇರಲಿ, ರಿಜಿಸ್ಟರಿನಲ್ಲಿ ಬೀಳುವುದು ಒಂದೇ ಶಬ್ದ: ಶಿಕ್ಷೆ. ನಮ್ಮ ಕೋರ್ಟಿನಲ್ಲಿ ಒಮ್ಮೆ ಹೀಗಾಯಿತು. ದೀಪಾವಳಿ ಪಾಡ್ಯದ ದಿನ ಗುಡಿಯ ಹಿಂದೆ ಅಂದರ್ ಬಾಹರ್ ಆಡುತ್ತಿದ್ದ ಹುಡುಗರ ಮೇಲೆ ದಾಳಿ ಆಗಿ, ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಕೇಸಾಗಿತ್ತು. ಒಂದು ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತರು, ಎಲ್ಲರೂ ಒಪ್ಪಿಕೊಂಡರು, ದಂಡ ಕಟ್ಟಿದ ರಸೀತಿ ಕಿಸೆಗೆ ಹಾಕಿಕೊಂಡು ಎದುರಿನ ಖಾನಾವಳಿಗೆ ಊಟಕ್ಕೆ ಹೋದರು. ಅವರಲ್ಲೊಬ್ಬ ಚೂಪು ಮೂಗಿನ, ಉದ್ದ ಕಾಲಿನ ಹುಡುಗ, ಓಟಗಾರ ಎಂದು ಅವನ ಗೆಳೆಯರು ಹೇಳುತ್ತಿದ್ದರು.

ವರ್ಷಗಳ ಮೇಲೆ ಅದೇ ಹುಡುಗ ನಕಲು ವಿಭಾಗದ ಕಿಟಕಿಯಲ್ಲಿ ಬಂದು ನಿಂತ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಓಟ, ಉದ್ದಜಿಗಿತ, ಲೇಖಿ ಪರೀಕ್ಷೆ ಎಲ್ಲ ದಾಟಿದ್ದ. ನಡತೆ ಪರಿಶೀಲನೆಯಲ್ಲಿ ಹಳೆಯ ಕೇಸು ಹೊರಬಿತ್ತು. ‘ಅದು ಎಷ್ಟು ಸಣ್ಣ ಕೇಸು ಅಂತ ತೋರಿಸಬೇಕ್ರಿ, ತೀರ್ಪಿನ ನಕಲು ಕೊಡ್ರಿ’ ಎಂದ. ನಾನು ಹುಡುಕಿಸಿದೆ. ದಾಖಲೆ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟುಗಳು ವರ್ಷವಾರು ಇರುತ್ತವೆ. ಅಂಥ ಸಣ್ಣ ಪ್ರಕರಣಗಳ ಕಡತಗಳನ್ನು ನಿಯಮದ ಪ್ರಕಾರ ಕೆಲವು ವರ್ಷಗಳ ಮೇಲೆ ನಾಶ ಮಾಡುತ್ತಾರೆ, ಇಲ್ಲದಿದ್ದರೆ ಇಲಿಗೂ ನಮಗೂ ಜಾಗ ಸಾಲದು. ಅವನ ಕಡತ ಹೋಗಿತ್ತು. ಉಳಿದದ್ದು ರಿಜಿಸ್ಟರಿನ ಒಂದು ಸಾಲು: ಕೇಸಿನ ನಂಬರ್, ಅವನ ಹೆಸರು, ‘ತಪ್ಪೊಪ್ಪಿಗೆ, ಶಿಕ್ಷೆ, ದಂಡ ಪಾವತಿ’. ಎಷ್ಟು ರೂಪಾಯಿಯ ಆಟ, ಎಂಥ ದಿನ, ಅವನ ವಯಸ್ಸೆಷ್ಟು, ಅದ್ಯಾವುದೂ ಇಲ್ಲ. ‘ಕಡತ ನಾಶಪಡಿಸಲಾಗಿದೆ’ ಎಂಬ ಹಿಂಬರಹಕ್ಕೆ ನಾನೇ ಸೀಲು ಹೊಡೆದು ಕೊಟ್ಟೆ. ಅವನ ಪರವಾಗಿ ಮಾತಾಡಬಹುದಾಗಿದ್ದ ಹಾಳೆಗಳೆಲ್ಲ ಸುಟ್ಟುಹೋಗಿದ್ದವು, ವಿರುದ್ಧ ಮಾತಾಡುವ ಒಂದು ಸಾಲು ಮಾತ್ರ ಗಟ್ಟಿ ರಟ್ಟಿನ ನಡುವೆ ಭದ್ರವಾಗಿತ್ತು. ಆದ್ದರಿಂದ ನಿನ್ನ ಕೇಸು ಹೇಗೇ ಮುಗಿಯಲಿ, ಮುಗಿದ ವಾರದಲ್ಲೇ ತೀರ್ಪಿನ ಎರಡು ಪ್ರಮಾಣಿತ ನಕಲು ತೆಗೆದಿಡಬೇಕು. ಒಂದು ನಿನ್ನ ಹತ್ತಿರ, ಒಂದು ನನ್ನ ಹತ್ತಿರ.

ಆ ಹುಡುಗನ ಕಥೆ ಅಲ್ಲಿಗೇ ಮುಗಿಯಲಿಲ್ಲ, ಮತ್ತು ನಾನು ಈ ಕಾಗದ ಬರೆಯಲು ಕುಳಿತದ್ದೇ ಉಳಿದ ಅರ್ಧದ ಸಲುವಾಗಿ. ‘ಕೇಸು ಇದ್ದದ್ದು ಫಾರ್ಮಿನಲ್ಲಿ ಬರೆದಿದ್ದೆಯೇನು?’ ಎಂದು ಕೇಳಿದೆ. ತಲೆ ಕೆಳಗೆ ಹಾಕಿದ. ‘ಇಲ್ಲ ಅಂತ ಬರದಿದ್ದೆ ಸರ್. ದಂಡ ಕಟ್ಟಿದ ಮ್ಯಾಲೆ ಮುಗೀತಲ್ಲ ಅಂತ.’ ಅವನನ್ನು ಮುಳುಗಿಸಿದ್ದು ಎಲೆಯಾಟಕ್ಕಿಂತ ಹೆಚ್ಚಾಗಿ ಆ ‘ಇಲ್ಲ’.

ನೌಕರಿಯ ಫಾರ್ಮಿನಲ್ಲಿ ಒಂದು ಕಾಲಂ ಇರುತ್ತದೆ. ಕೆಲವರು ‘ಶಿಕ್ಷೆಯಾಗಿದೆಯೇ’ ಎಂದಷ್ಟೇ ಕೇಳುತ್ತಾರೆ. ಕೆಲವರು ‘ಪ್ರಕರಣ ಬಾಕಿ ಇದೆಯೇ’ ಎನ್ನುತ್ತಾರೆ. ಸರ್ಕಾರದವರು, ಅದರಲ್ಲೂ ಪೊಲೀಸು, ಮಿಲಿಟರಿ, ಬ್ಯಾಂಕಿನವರು ಇನ್ನೂ ಹಿಂದಕ್ಕೆ ಹೋಗಿ ‘ಎಂದಾದರೂ ಬಂಧನವಾಗಿತ್ತೇ, ಪ್ರಕರಣ ದಾಖಲಾಗಿತ್ತೇ’ ಎಂದು ಕೇಳುವುದುಂಟು. ಈ ಮೂರೂ ಬೇರೆ ಬೇರೆ ಪ್ರಶ್ನೆ. ಕೇಳಿದ್ದಕ್ಕಷ್ಟೇ ಉತ್ತರ, ಆದರೆ ಕೇಳಿದ್ದಕ್ಕೆ ಪೂರ್ತಿ ಉತ್ತರ. ‘ಎಂದಾದರೂ’ ಎಂಬ ಶಬ್ದ ಕಂಡರೆ ಖುಲಾಸೆಯಾದ ಕೇಸನ್ನೂ ಬರೆಯಬೇಕು, ಖುಲಾಸೆಯಾಯಿತು ಎಂದೂ ಬರೆಯಬೇಕು.

ದೆಹಲಿಯ ಒಂದು ಪ್ರಕರಣ ಹೇಳುತ್ತೇನೆ. ಒಬ್ಬ ಯುವಕ 1999ರಲ್ಲಿ ಅಲ್ಲಿನ ಪೊಲೀಸ್ ಇಲಾಖೆಗೆ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದ. ಹಿಂದೊಂದು ಹೊಡೆದಾಟದ ಕೇಸು ರಾಜಿಯಾಗಿ ಖುಲಾಸೆಯಾಗಿತ್ತು. ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟ. ಪರೀಕ್ಷೆಗಳಲ್ಲಿ ಪಾಸಾದ ಮೇಲೆ ಇನ್ನೊಂದು ನಮೂನೆಯಲ್ಲಿ ತಾನೇ ಬರೆದ. ಮೊದಲು ಮುಚ್ಚಿಟ್ಟೆ ಎಂದು ಇಲಾಖೆ ಅವನ ಆಯ್ಕೆ ರದ್ದು ಮಾಡಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2011ರಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಪೀಠ ಹುಡುಗನ ಪರ ತೀರ್ಪು ಕೊಟ್ಟಿತು. ಹರೆಯದ ಹುಡುಗರ ಸಣ್ಣಪುಟ್ಟ ತಪ್ಪಿಗೆ ಬದುಕೆಲ್ಲ ಹಣೆಪಟ್ಟಿ ಹಚ್ಚಬಾರದು ಎಂಬುದು ಅದರ ಧಾಟಿ. ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ ಕಾದಂಬರಿಯ ಜಾನ್ ವಾಲ್ಜಾನ್‌ನನ್ನೂ ಆ ತೀರ್ಪು ನೆನೆಯುತ್ತದೆ. ಹಸಿದವರಿಗಾಗಿ ಒಂದು ರೊಟ್ಟಿ ಕದ್ದು ಜೈಲು ಸೇರಿದವನು ಅವನು. ಬಿಡುಗಡೆಯಾದ ಮೇಲೂ ಅವನ ಕೈಯಲ್ಲಿ ಹಳದಿ ಬಣ್ಣದ ರಹದಾರಿ ಪತ್ರ. ಅದನ್ನು ಕಂಡ ಕೂಡಲೇ ಛತ್ರದವರು ಬಾಗಿಲು ಹಾಕಿಕೊಳ್ಳುತ್ತಾರೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕರೆ ಓದು. ದಪ್ಪ ಪುಸ್ತಕ, ಕೋರ್ಟಿನ ತಾರೀಖಿಗೆ ಕಾಯುವಾಗ ಉಪಯೋಗವಾದೀತು.

ತೀರ್ಪು ಒಳ್ಳೆಯದೇ. ಆದರೆ 1999 ಎಲ್ಲಿ, 2011 ಎಲ್ಲಿ! ಆ ‘ಇಲ್ಲ’ದ ಬೆಲೆ ಹನ್ನೆರಡು ವರ್ಷ. ಮುಂದೆ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದಕ್ಕೊಂದು ಕ್ರಮ ಹಾಕಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ನೌಕರಿ ಕೊಡುವವರು ವಿವೇಚನೆಯಿಂದ ಅದನ್ನು ಬಿಟ್ಟುಬಿಡಬಹುದು. ಗಂಭೀರವಾದದ್ದನ್ನು ಮುಚ್ಚಿಟ್ಟರೆ ನೌಕರಿಯಿಂದ ತೆಗೆಯಬಹುದು. ಸತ್ಯ ಹೇಳಿದವನನ್ನೂ ತೆಗೆದುಕೊಳ್ಳಲೇಬೇಕೆಂದಿಲ್ಲ, ಪೂರ್ವಾಪರ ನೋಡುವ ಹಕ್ಕು ಅವರಿಗಿದೆ. ಕೊನೆಯದು ಕಹಿ, ಅದನ್ನು ಮುಚ್ಚಿಟ್ಟು ನಿನಗೆ ಬರೀ ಸಿಹಿ ಹೇಳಲಾರೆ. ಖಾಕಿ ಹಾಕುವ ನೌಕರಿಗಳಲ್ಲಿ ಖುಲಾಸೆಯೂ ಕೆಲವೊಮ್ಮೆ ಸಾಲುವುದಿಲ್ಲ. ಸಾಕ್ಷಿಗಳು ತಿರುಗಿಬಿದ್ದದ್ದಕ್ಕೆ ಬಿಡುಗಡೆಯಾಯಿತೋ, ನಿಜವಾಗಿ ನಿರ್ದೋಷಿ ಎಂದೋ ಎಂದು ಕೆದಕುತ್ತಾರೆ. ಆದರೂ ಸತ್ಯ ಬರೆದವನ ಕೈಯಲ್ಲಿ ವಾದ ಮಾಡಲು ಏನೋ ಇರುತ್ತದೆ. ಸುಳ್ಳು ಬರೆದವನು ಎರಡು ಕೇಸು ವಾದಿಸಬೇಕು.

(ಇದರ ಪಕ್ಕದಲ್ಲಿ ಇದನ್ನೂ ಇಟ್ಟು ನೋಡು. ಚುನಾವಣೆಗೆ ನಿಲ್ಲುವವನು ಪ್ರಮಾಣಪತ್ರದಲ್ಲಿ ತನ್ನ ಮೇಲಿನ ಕೇಸುಗಳ ಪಟ್ಟಿ ಕೊಟ್ಟರೆ ಸಾಕು, ಬಾಕಿ ಇರುವ ಕೇಸು ಅವನಿಗೆ ಅಡ್ಡಿಯಲ್ಲ. ಸಾಮಾನ್ಯವಾಗಿ ಎರಡು ವರ್ಷ ಇಲ್ಲವೇ ಹೆಚ್ಚು ಶಿಕ್ಷೆಯಾದರೆ ಮಾತ್ರ 1951ರ ಪ್ರಜಾಪ್ರತಿನಿಧಿ ಕಾಯ್ದೆ ಅವನನ್ನು ತಡೆಯುತ್ತದೆ. ಕಾನ್‌ಸ್ಟೆಬಲ್ ಆಗುವುದಕ್ಕಿಂತ ಆ ಕಾನ್‌ಸ್ಟೆಬಲ್‌ನಿಂದ ಸೆಲ್ಯೂಟ್ ಹೊಡೆಸಿಕೊಳ್ಳುವವನಾಗುವುದು ಸುಲಭ. ನಿನಗೆ ಆ ದಾರಿ ತೋರಿಸುತ್ತಿಲ್ಲ, ನಿಮ್ಮವ್ವ ನನ್ನನ್ನು ಮನೆಗೆ ಸೇರಿಸಲಿಕ್ಕಿಲ್ಲ.)

ಎಂ.ಎಸ್. ಮಾಡಲು ಹೊರದೇಶಕ್ಕೆ ಹೋಗುವ ಆಸೆ ನಿನಗಿದೆ. ಪಾಸ್‌ಪೋರ್ಟ್ ಸಿಗುವುದೇ ಇಲ್ಲ ಎಂದು ಯಾರೋ ಹೆದರಿಸಿದರಂತೆ. ಹಾಗಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನಲ್ಲಿ ಕ್ರಿಮಿನಲ್ ಕೋರ್ಟಿನಲ್ಲಿ ಪ್ರಕರಣ ಬಾಕಿ ಇದ್ದರೆ ನಿರಾಕರಿಸಬಹುದು ಎಂದಿರುವುದು ನಿಜ. ಬರೀ ಎಫ್‌ಐಆರ್ ಇದ್ದ ಮಾತ್ರಕ್ಕೆ ಕೋರ್ಟಿನಲ್ಲಿ ಬಾಕಿ ಎಂದಾಗುವುದಿಲ್ಲ, ಕೋರ್ಟು ಪರಿಗಣನೆಗೆ ತೆಗೆದುಕೊಂಡ ಮೇಲೆ ಆಗುತ್ತದೆ. ಆಗಲೂ ದಾರಿ ಇದೆ. 1993ರ ಆಗಸ್ಟ್ 25ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಅದೇ ಕೋರ್ಟಿನಿಂದ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡುತ್ತಾರೆ. ಎಷ್ಟು ಅವಧಿಗೆಂದು ಕೋರ್ಟು ಬರೆದರೆ ಅಷ್ಟಕ್ಕೆ, ಬರೆಯದಿದ್ದರೆ ಒಂದು ವರ್ಷಕ್ಕೆ. ಅದಕ್ಕೇ ಅರ್ಜಿಯಲ್ಲಿ ಅವಧಿಯನ್ನು ಬಾಯಿಬಿಟ್ಟು ಕೇಳಬೇಕು. ಎಷ್ಟೋ ವಕೀಲರು ಮರೆಯುತ್ತಾರೆ, ಹುಡುಗರು ವರ್ಷ ವರ್ಷ ತಿರುಗುತ್ತಾರೆ. ಮುಚ್ಚಿಟ್ಟು ಪಾಸ್‌ಪೋರ್ಟ್ ಮಾಡಿಸಿದರೆ ಅದೇ ಒಂದು ಹೊಸ ಅಪರಾಧ, ಎರಡು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಇನ್ನು ವೀಸಾ. ಅಮೆರಿಕದ ಅರ್ಜಿ ಶಿಕ್ಷೆಯನ್ನಷ್ಟೇ ಅಲ್ಲ, ಬಂಧನವನ್ನೂ ಕೇಳುತ್ತದೆ. ಠಾಣೆಯಲ್ಲೇ ಜಾಮೀನು ಸಿಕ್ಕರೂ ಮೊದಲು ಆಗುವುದು ಬಂಧನವೇ ಎಂಬುದು ನಿನ್ನ ಲೆಕ್ಕದಲ್ಲಿರಲಿ.

ಖಾಸಗಿ ಕಂಪನಿಗಳು ಏನೂ ನೋಡುವುದಿಲ್ಲ ಎಂದು ನಿನ್ನ ಗೆಳೆಯರು ಹೇಳಿಯಾರು. ನಾನು ಸೇವೆಗೆ ಸೇರಿದಾಗ ಅದು ನಿಜವಿತ್ತು, ಯಾರದೋ ಕೇಸು ಹುಡುಕಬೇಕಾದರೆ ಕೋರ್ಟಿಗೇ ಬಂದು ನಮ್ಮಂಥವರ ಮುಖ ನೋಡಬೇಕಿತ್ತು. ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ಹಿನ್ನೆಲೆ ತಪಾಸಣೆಗೆಂದೇ ಏಜೆನ್ಸಿಗಳಿವೆ. ಅಮೆರಿಕದ ಪ್ರಜೆಯಾಗಿದ್ದ ಭಾರತ ಮೂಲದ ಒಬ್ಬರು 2009ರಲ್ಲಿ ಇಲ್ಲಿಗೆ ಬಂದಾಗ ಮಾದಕ ವಸ್ತುವಿನ ಕೇಸಿನಲ್ಲಿ ಸಿಕ್ಕಿಬಿದ್ದು, 2011ರಲ್ಲಿ ಖುಲಾಸೆಯಾಗಿ, 2013ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿದು, ಆಮೇಲೆ ಅಲ್ಲಿಗೆ ಹೋಗಿ ಕಾನೂನು ಓದಿದರು. ಒಳ್ಳೆಯ ಅಂಕ ಬಂದರೂ ನೌಕರಿ ಸಿಗಲೊಲ್ಲದು. ಹೆಸರು ಹುಡುಕಿದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಅವರನ್ನು ಬಿಡುಗಡೆ ಮಾಡಿದ ಅದೇ ತೀರ್ಪು! 2021ರಲ್ಲಿ ದೆಹಲಿ ಹೈಕೋರ್ಟ್ ಆ ತೀರ್ಪು ಹುಡುಕಾಟದಲ್ಲಿ ಕಾಣದಂತೆ ಮಾಡಲು ಆದೇಶಿಸಿತು. ನಿರ್ದೋಷಿ ಎಂಬ ಕಾಗದವೇ ಮನುಷ್ಯನನ್ನು ಬೆನ್ನಟ್ಟುವುದನ್ನು ನಮ್ಮ ಕಾಲದ ರಿಜಿಸ್ಟರುಗಳು ಕಂಡಿರಲಿಲ್ಲ.

ನಿನ್ನ ಜೊತೆ ಎಂಟನೇ ಆರೋಪಿಯಾಗಿರುವ ಡಿಪ್ಲೊಮಾ ಹುಡುಗನಿಗೆ ಇನ್ನೂ ಹದಿನೆಂಟು ತುಂಬಿಲ್ಲ ಎಂದು ಕೇಳಿದೆ. ಅವನ ತಂದೆಗೆ ಹೇಳು, ಶಾಲೆಯ ಜನ್ಮದಿನಾಂಕದ ದಾಖಲೆ ಹಿಡಿದು ಇವತ್ತೇ ಠಾಣೆಗೆ ಹೋಗಲಿ. ಅವನ ಕೇಸು ನಿಮ್ಮ ಜೊತೆ ನಡೆಯಬಾರದು, ಬಾಲ ನ್ಯಾಯ ಮಂಡಳಿಗೆ ಹೋಗಬೇಕು. ಘಟನೆ ನಡೆದ ದಿನದ ವಯಸ್ಸು ಅಲ್ಲಿ ಲೆಕ್ಕ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ ಅವನು ತಪ್ಪು ಮಾಡಿದ್ದಾನೆಂದು ತೀರ್ಮಾನವಾದರೂ ಅದರಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನು ನಾಶ ಮಾಡಬೇಕು. ಹದಿನಾರು ದಾಟಿದವರ ಘೋರ ಅಪರಾಧಗಳಿಗೆ ಮಾತ್ರ ಬೇರೆ ದಾರಿ. ಒಂದೇ ಓಣಿ, ಒಂದೇ ರಾತ್ರಿ, ಒಂದೇ ಟ್ರ್ಯಾಕ್ಟರ್. ಅವನ ಕಾಗದ ಸುಡುತ್ತಾರೆ, ನಿನ್ನದನ್ನು ಕಾಪಾಡುತ್ತಾರೆ.

ದೊಡ್ಡವರಿಗೆ ಅಂಥ ಕಾನೂನು ಇಲ್ಲವೇ ಎಂದು ಕೇಳುತ್ತೀಯ. ಬ್ರಿಟನ್ನಿನಲ್ಲಿ 1974ರಿಂದ ಇದೆ. ಸಣ್ಣ ಶಿಕ್ಷೆಯಾದವನು ಗೊತ್ತುಪಡಿಸಿದಷ್ಟು ವರ್ಷ ಸರಿಯಾಗಿ ನಡೆದರೆ ಹಳೆಯದನ್ನು ಬಹುತೇಕ ನೌಕರಿಗಳಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಕಾಲ ಕಳೆದಂತೆ ತಾನಾಗಿ ಅಳಿಸಿಹೋಗುವ ಅಂಥ ಸಾಮಾನ್ಯ ಕಾಯ್ದೆ ದೊಡ್ಡವರಿಗಿಲ್ಲ. ಇರುವುದರಲ್ಲಿ ಒಳ್ಳೆಯದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ನಾವು ಕೋರ್ಟಿನಲ್ಲಿ ಪ್ರೊಬೇಷನ್ ಎನ್ನುವುದು ಅದನ್ನೇ. ಇಪ್ಪತ್ತೊಂದರ ಒಳಗಿನವರನ್ನು ಸಾಧ್ಯವಾದಷ್ಟು ಜೈಲಿಗೆ ಕಳಿಸಬಾರದು, ಕಳಿಸಲೇಬೇಕಾದರೆ ಕಾರಣ ಬರೆಯಬೇಕು ಎನ್ನುತ್ತದೆ ಅದರ 6ನೇ ಕಲಮು. ಸನ್ನಡತೆಯ ಮುಚ್ಚಳಿಕೆ ಮೇಲೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟಬಾರದು ಎನ್ನುತ್ತದೆ 12ನೇ ಕಲಮು. ಹಾಗೆಂದು ಅದು ತಪ್ಪನ್ನೇ ಅಳಿಸುವುದಿಲ್ಲ. ಪ್ರೊಬೇಷನ್ ಸಿಕ್ಕ ಮಾತ್ರಕ್ಕೆ ಸರ್ಕಾರಿ ನೌಕರನು ಇಲಾಖೆಯ ಕ್ರಮದಿಂದ ಪಾರಾಗಲಾರ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. ನನ್ನ ಅನುಭವದಲ್ಲಿ ಈ ಕಾಯ್ದೆಯನ್ನು ಕೇಳಿ ಪಡೆಯುವವರೇ ಕಡಿಮೆ. ಕೇಳದಿದ್ದರೆ ಕೊಡುವ ರೂಢಿಯೂ ಇಲ್ಲ.

ಬ್ರಿಟನ್ನಿನ ಮಾತು ಬಂದಾಗ ಒಂದು ಹೇಳದೆ ಇರಲಾರೆ. ಹುಬ್ಬಳ್ಳಿಯ ಸೆಟ್ಲಮೆಂಟ್ ಭಾಗದಲ್ಲಿ ನೀನು ಎಷ್ಟೋ ಸಲ ಬೈಕ್ ಓಡಿಸಿದ್ದೀಯ. ಆ ಹೆಸರು ಯಾಕೆಂದು ಯಾರನ್ನಾದರೂ ಕೇಳಿದ್ದೀಯಾ? 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರಲ್ಲಿ ಅದನ್ನು ತಿದ್ದಿ ಮುಂಬೈ ಪ್ರಾಂತಕ್ಕೂ ಹರಡಿದರು, ಧಾರವಾಡ ಜಿಲ್ಲೆ ಆಗ ಆ ಪ್ರಾಂತದ್ದು. ಇಡೀ ಸಮುದಾಯಗಳನ್ನು ಹೆಸರಿಸಿ, ಕುಟುಂಬ ಕುಟುಂಬಗಳನ್ನೇ ಬೇಲಿಯೊಳಗೆ ಕೂಡಿಹಾಕಿ, ಹಾಜರಿ ತೆಗೆದುಕೊಂಡು, ಹೊರಗೆ ಹೋಗಲು ಚೀಟಿ ಕೊಡುತ್ತಿದ್ದ ವಸಾಹತು ಅದು. ಅಲ್ಲಿ ಹುಟ್ಟಿದ ಕೂಸಿಗೆ ತೊಟ್ಟಿಲಿಗಿಂತ ಮೊದಲು ರಿಜಿಸ್ಟರು. 1952ರಲ್ಲಿ ಕಾಯ್ದೆ ರದ್ದಾಗಿ ಆ ಸಮುದಾಯಗಳನ್ನು ವಿಮುಕ್ತರು ಎಂದು ಕರೆದರು. ಆಮೇಲೆಯೂ ಎಲ್ಲಿ ಕಳವಾದರೂ ಪೊಲೀಸ್ ಜೀಪು ಮೊದಲು ಅತ್ತ ತಿರುಗುವ ರೂಢಿ ಬಹಳ ಕಾಲ ಹೋಗಲಿಲ್ಲ. ಆ ಓಣಿಗಳಿಂದ ಬಂದ ಹುಡುಗರನ್ನು ನಾನು ಕೋರ್ಟಿನ ಮೊಗಸಾಲೆಯಲ್ಲಿ ಕಂಡಿದ್ದೇನೆ. ಅವರ ಅಜ್ಜ ಏನೂ ಮಾಡದೆಯೇ ಬರೆಸಿಕೊಂಡ ಹೆಸರನ್ನು ಮೊಮ್ಮಗ ಇನ್ನೂ ತೊಳೆಯುತ್ತಿದ್ದ. ನಿನಗೆ ಜಾಮೀನು ಕೊಡಲು ಪಹಣಿ ಹಿಡಿದು ಬರುವ ದೊ‌ಡ್ಡಪ್ಪ ಇದ್ದಾನೆ, ಕಲಮು ಬಿಡಿಸಿ ಹೇಳುವ ಮಾಮಾ ಇದ್ದಾನೆ. ಇಲ್ಲದವರಿಗೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ನಿಮ್ಮ ಒಂಬತ್ತು ಜನರಲ್ಲಿ ವಕೀಲರ ಫೀ ಕೊಡಲಾಗದ ಇಬ್ಬರಿದ್ದಾರಂತೆ, ಅವರಿಗೆ ಆ ನಂಬರ್ ಕೊಡು.

ನಮ್ಮ ಮನೆಯ ಗೇಟು ಮಾಡಿದ ವೆಲ್ಡಿಂಗ್ ಅಂಗಡಿಯವನು ನಿನಗೆ ಗೊತ್ತು. ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತು ಇವನು ಹಿಂಡಲಗಾ ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದವನು ಎಂಬುದು ನಿನಗೆ ಗೊತ್ತಿರಲಿಕ್ಕಿಲ್ಲ. ಅವನಿಗೆ ಅಂಗಡಿಯ ಜಾಗ ಸಿಗಲು ಎಷ್ಟು ಬಾಗಿಲು ತಟ್ಟಬೇಕಾಯಿತು, ತಂಗಿಯ ಮದುವೆ ಎಷ್ಟು ಸಲ ಮುರಿದುಬಿತ್ತು ಎಂಬುದನ್ನು ಅವನೇ ಹೇಳಿದ. ಬೇಡಿಕೊಳ್ಳುವ ದನಿಯಲ್ಲಿ ಅಲ್ಲ, ಕಬ್ಬಿಣ ಕತ್ತರಿಸುತ್ತ, ಮಳೆ ಬೆಳೆಯ ಮಾತು ಆಡಿದಂತೆ. ಬೀಗರ ಮನೆಯವರು ಬಂದಾಗ ತಾನೇ ಮೊದಲು ಜೈಲಿನ ಸುದ್ದಿ ಎತ್ತುತ್ತಿದ್ದನಂತೆ. ‘ಆಮ್ಯಾಲೆ ಬ್ಯಾರೆಯವರು ಹೇಳಾಕ ಏನೂ ಉಳೀಬಾರದು ನೋಡ್ರಿ.’ ಮೂರನೆಯವರು ಒಪ್ಪಿದರು. ಗೇಟಿನ ಬೆಸುಗೆ ಇನ್ನೂ ಬಿಟ್ಟಿಲ್ಲ.

ನಿನ್ನ ಕೋಣೆಯ ಜೊತೆಗಾರನ ವಿಷಯವನ್ನೂ ನಿಮ್ಮವ್ವ ಹೇಳಿದಳು. ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಕೆಲವು ದಿನ ಬೇರೆಯವರಿಗೆ ಕೊಟ್ಟರೆ ಹತ್ತು ಸಾವಿರ ಸಿಗುತ್ತದಂತೆ, ನಿನ್ನನ್ನೂ ಕೇಳಿದನಂತೆ. ಇದರ ಮುಂದೆ ನಿನ್ನ ಗಣಪತಿ ಗಲಾಟೆ ಏನೂ ಅಲ್ಲ. ಯಾವುದೋ ಊರಿನ ನಿವೃತ್ತ ಮಾಸ್ತರರನ್ನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ದೋಚಿದ ದುಡ್ಡು ಆ ಖಾತೆಗೆ ಬಂದು ಇಳಿಯುತ್ತದೆ. ಅವರು 1930ಕ್ಕೆ ದೂರು ಕೊಟ್ಟರೆ ಮೊದಲು ಸಿಗುವ ಹೆಸರು ಖಾತೆದಾರನದು. ದೋಚಿದವನು ಎಲ್ಲೋ ಇರುತ್ತಾನೆ, ಬೇರೆ ರಾಜ್ಯದ ಪೊಲೀಸರು ಹಾಸ್ಟೆಲ್ಲಿನ ಬಾಗಿಲು ತಟ್ಟುತ್ತಾರೆ. ಅದು ವಂಚನೆಯ ಕೇಸು, ರಾಜಿಗೆ ಕರೆಯಲು ಎದುರಿನವರ ಮುಖವೂ ಗೊತ್ತಿರುವುದಿಲ್ಲ. ಅವನಿಗೆ ನಿನ್ನ ಮಾತು ನಾಟದಿದ್ದರೆ ನನ್ನ ನಂಬರ್ ಕೊಡು. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಬ್ಯಾಂಕಿಗೂ ಸೈಬರ್ ಠಾಣೆಗೂ ತಾನಾಗಿ ಹೋಗಿ ಹೇಳಲಿ, ಅವರು ಬರುವವರೆಗೆ ಕಾಯುವುದು ಬೇಡ.

ಈಗ ನಿನ್ನ ಕೇಸಿನ ದಾರಿ. ಹೊಡೆತ, ಬೈಗುಳ, ಬೆದರಿಕೆಯ ಕಲಮುಗಳನ್ನು ಅಲ್ಲಿನ ಕೋರ್ಟಿನಲ್ಲೇ ರಾಜಿ ಮಾಡಿಕೊಳ್ಳಬಹುದು, ಲೋಕ ಅದಾಲತ್ತಿನಲ್ಲೂ ಆಗುತ್ತದೆ. ಅಕ್ರಮ ಕೂಟ ಮತ್ತು ದೊಂಬಿ ಮಾತ್ರ ರಾಜಿ ಪಟ್ಟಿಯಲ್ಲಿಲ್ಲ. ಅವು ಉಳಿದರೆ ಕೇಸು ಉಳಿದಂತೆ. ಎರಡೂ ಕಡೆಯವರು ಮನಸ್ಸಿಟ್ಟು ಒಪ್ಪಿದರೆ ನಮ್ಮ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 482ರಡಿ, ಇಡೀ ಪ್ರಕರಣವನ್ನೇ ರದ್ದು ಮಾಡಲು ಕೇಳಬಹುದು. ಇಂಥ ಖಾಸಗಿ ಜಗಳಗಳಲ್ಲಿ ಹಾಗೆ ರದ್ದು ಮಾಡಬಹುದೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಖರ್ಚಾಗುತ್ತದೆ, ತಿಂಗಳುಗಳೂ ಹಿಡಿಯುತ್ತವೆ. ಆಗಲಿ. ಅಲ್ಲಿಯವರೆಗೆ ಒಂದು ತಾರೀಖನ್ನೂ ತಪ್ಪಿಸಬೇಡ. ಪರೀಕ್ಷೆ ಇದ್ದರೆ ವಕೀಲರಿಂದ ಗೈರುಹಾಜರಿ ಅರ್ಜಿ ಹಾಕಿಸು. ಸಣ್ಣ ಕೇಸಿನಲ್ಲಿ ಹುಡುಗರು ಜೈಲು ನೋಡುವುದು ಹೆಚ್ಚಾಗಿ ತಾರೀಖು ತಪ್ಪಿಸಿ ವಾರಂಟ್ ಆದಾಗ.

ಪೆಟ್ಟಾದ ಹುಡುಗನ ಮನೆಗೆ ನೀನೊಬ್ಬನೇ ಹೋಗಬೇಡ, ಗೆಳೆಯರನ್ನು ಕಟ್ಟಿಕೊಂಡಂತೂ ಹೋಗಲೇಬೇಡ. ಸಾಕ್ಷಿಗೆ ಬೆದರಿಕೆ ಎಂದು ಇನ್ನೊಂದು ಕಲಮು ಸೇರುತ್ತದೆ. ವಕೀಲರನ್ನು ಕೇಳಿ, ಎರಡೂ ಓಣಿಯ ಹಿರಿಯರನ್ನು ಕರೆದುಕೊಂಡು ನಾನೂ ನೀನೂ ಹೋಗೋಣ. ಅವನಿಗೆ ನಾಲ್ಕು ಹೊಲಿಗೆ ಬಿದ್ದಿವೆಯಂತೆ. ಹಣ್ಣು ನಿಮ್ಮವ್ವ ಕೊಡುತ್ತಾಳೆ, ಕ್ಷಮೆ ಮಾತ್ರ ನೀನೇ ಕೇಳಬೇಕು. ಅದನ್ನು ಕೋರ್ಟಿಗಾಗಿ ಕೇಳಬೇಡ. ಅವನ ತಾಯಿಗೂ ನಿಮ್ಮವ್ವನಂತೆ ಎರಡು ರಾತ್ರಿ ನಿದ್ದೆ ಇರಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಎಫ್‌ಐಆರ್ ನಕಲು, ಆಧಾರ್ ಕಾರ್ಡು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದಿಡು. ವಕಾಲತ್ತಿಗೆ ಸಹಿ ಮಾಡಿದ್ದರೆ ಚಿಂತೆಯಿಲ್ಲ. ಬೇರೆ ಯಾವ ಕಾಗದಕ್ಕೂ ನಾನು ಓದಿ ನೋಡುವವರೆಗೆ ಸಹಿ ಹಾಕಬೇಡ. ನಿಮ್ಮವ್ವನಿಗೆ ಬೈಯಬೇಡ, ಅವಳು ಅತ್ತರೆ ಅಳಲಿ.

ಇತಿ ನಿನ್ನ ಪ್ರೀತಿಯ
ಮಾಮಾ
ಧಾರವಾಡ